ಸುದ್ದಿಯ ಚಿತ್ರ ತೆಗೆಯುವ ಕಸುಬು

ಲೋಕದಲ್ಲಿ ಹೊಟ್ಟೆ ಹೊರೆಯುವ ದಾರಿಗಳು ಅನೇಕವಾಗಿವೆ. ಅವುಗಳಲ್ಲಿ ಕೆಲವು ಪರರ ಕಷ್ಟವನ್ನೇ ನೆಚ್ಚಿಕೊಂಡಿರುವುವು. ರೋಗವಿಲ್ಲದಿದ್ದರೆ ವೈದ್ಯನಿಗೆ ಕೆಲಸವಿಲ್ಲ. ವ್ಯಾಜ್ಯವಿಲ್ಲದಿದ್ದರೆ ವಕೀಲನಿಗೆ ಕೆಲಸವಿಲ್ಲ. ಆದರೂ ಇವರನ್ನು ಯಾರೂ ಹಳಿಯುವುದಿಲ್ಲ. ಇವರು ಕಷ್ಟವನ್ನು ಕಳೆಯಲು ಬರುವವರೆಂದು ಎಲ್ಲರೂ ಬಲ್ಲರು. ನಾವು ಹಿಡಿದಿರುವ ಕಸುಬಿಗೆ ಈ ಸಮಾಧಾನವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಬೆಂಕಿ ಬಿದ್ದಲ್ಲಿಗೆ, ಹೊಳೆ ಉಕ್ಕಿದಲ್ಲಿಗೆ, ರೈಲು ಹಳಿ ತಪ್ಪಿದಲ್ಲಿಗೆ ಓಡಿಹೋಗಿ, ಛಾಯಾಚಿತ್ರ ತೆಗೆದು, ಅದನ್ನು ವೃತ್ತಪತ್ರಿಕೆಗಳಿಗೆ ಒದಗಿಸುವುದೇ ನಮ್ಮ ಉದ್ಯೋಗ. ಯಾವ ಪತ್ರಿಕೆಯ ಸಂಬಳಕ್ಕೂ ನಾವು ಸೇರಿದವರಲ್ಲ. ಚಿತ್ರವು ಅಚ್ಚಾದರೆ ಹಣ, ಇಲ್ಲವಾದರೆ ಇಲ್ಲ.

ನಾವು ಈ ದಾರಿಗಿಳಿದಾಗ ಮನೆಯ ಹಿರಿಯರು ಕೇಳಿದ್ದು ಎರಡೇ ಪ್ರಶ್ನೆಗಳು. “ಇದರಿಂದ ಸಂಸಾರ ಸಾಗುವುದೆ?” ಎಂಬುದು ತಂದೆಯವರ ಪ್ರಶ್ನೆ. “ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೆಲಸವಲ್ಲವೇನಪ್ಪಾ ಇದು?” ಎಂಬುದು ತಾಯಿಯವರ ಪ್ರಶ್ನೆ. ಈಗ ಅನೇಕ ಮನೆಗಳಲ್ಲಿ ಮಕ್ಕಳು ಕ್ಯಾಮೆರಾ ಹಿಡಿದು ಇದೇ ಮಾತನ್ನೆತ್ತುತ್ತಿರುವರಾದಕಾರಣ, ಅನುಭವದಿಂದ ನಮಗೆ ತೋರಿದ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಈ ದಾರಿಯೇನೂ ಹೊಸದಲ್ಲ. ‘ವೀಜೀ’ ಎಂಬ ಹೆಸರಿನಿಂದ ಪ್ರಸಿದ್ಧನಾದ ಆರ್ಥರ್ ಫೆಲಿಗ್ ಎಂಬಾತನು ನ್ಯೂಯಾರ್ಕ್ ನಗರದಲ್ಲಿ ಚಿತ್ರಸಂಸ್ಥೆಯೊಂದರ ನೌಕರಿಯನ್ನು ಬಿಟ್ಟು 1935ರಲ್ಲಿ ಸ್ವತಂತ್ರನಾದನು. ಪೋಲೀಸರ ರೇಡಿಯೋ ವರ್ತಮಾನವನ್ನು ಕೇಳಲು 1938ರಲ್ಲಿ ಅನುಮತಿ ಪಡೆದು, ಆ ಯಂತ್ರವನ್ನು ತನ್ನ ಮೋಟಾರಿನಲ್ಲಿಟ್ಟುಕೊಂಡು, ಇರುಳೆಲ್ಲ ಬೀದಿ ಸುತ್ತುತ್ತಿದ್ದನು. ಗಾಡಿಯ ಹಿಂಬದಿಯಲ್ಲಿ ಬೆರಳಚ್ಚಿನ ಯಂತ್ರವೂ ಬೆಂಕಿಯಾರಿಸುವವರು ತೊಡುವ ಬೂಟುಗಳೂ ಸದಾ ಸಿದ್ಧವಾಗಿರುತ್ತಿದ್ದುವು. ನಮ್ಮ ದೇಶದಲ್ಲಿ ಹೋಮಾಯಿ ವ್ಯಾರಾವಾಲಾ (1913–2012) ಅವರ ಮೊದಮೊದಲ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾದುವು. ಅದೇ ಮಹಿಳೆಗೆ 2011ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಕೆಲಕಾಲ ಪತ್ರಿಕೆಗಳಲ್ಲಿದ್ದು, ಅನಂತರ ಬಾಳಿನ ಬಹುಭಾಗವನ್ನು ಯಾರ ನೌಕರಿಗೂ ಸೇರದೆ ಕಳೆದರು. ಅವರ ಚಿತ್ರಗಳು ‘ಲೈಫ್’, ‘ಟೈಮ್’ ಮುಂತಾದ ಪತ್ರಿಕೆಗಳಲ್ಲಿಯೂ ಬೆಳಕು ಕಂಡುವು. ಹೀಗಿರಲು ಈ ಕಸುಬಿನಲ್ಲಿ ಗೌರವವಿಲ್ಲವೆನ್ನುವಂತಿಲ್ಲ.

ಇನ್ನು ಸಂಸಾರದ ಮಾತು. ಮೊದಲನೆಯ ವರ್ಷ ಸುದ್ದಿಯ ಚಿತ್ರಗಳಿಂದ ನಮ್ಮ ಮನೆ ನಡೆಯಲಿಲ್ಲ. ಮದುವೆಗಳ, ಶಾಲಾ ವಾರ್ಷಿಕೋತ್ಸವಗಳ ಚಿತ್ರ ತೆಗೆದು ಅಕ್ಕಿಬೇಳೆಗೆ ದಾರಿ ಮಾಡಿಕೊಂಡೆವು. ಒಂದು ಪತ್ರಿಕೆಯವರು ಅಚ್ಚಾದ ಚಿತ್ರದ ಹಣವನ್ನು ಏಳು ತಿಂಗಳ ಮೇಲೆ ಕೊಟ್ಟರು. ಅಂದಿನಿಂದ ದರವನ್ನು ಮೊದಲೇ ಕೇಳಿ, ಬರೆಹದಲ್ಲಿ ಪಡೆದು, ಆಮೇಲೆ ಚಿತ್ರ ಕಳುಹಿಸುವ ಪದ್ಧತಿಯನ್ನಿಟ್ಟುಕೊಂಡೆವು. ನಾವಾಗಿಯೇ ತೆಗೆದ ಚಿತ್ರದ ಹಕ್ಕು, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನಮ್ಮದೇ. ಹಣ ಕೊಟ್ಟು ಹೇಳಿ ತೆಗೆಯಿಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಕ್ಕು ತೆಗೆಯಿಸಿದವರಿಗೆ ಸೇರುವುದು. ಹೊಸಬರು ಈ ಭೇದವನ್ನು ತಿಳಿದಿರುವುದು ಒಳ್ಳೆಯದು.

ಸಾಮಗ್ರಿಗೆಂದು ಸಾಲ ಮಾಡುವುದು ಅನಾವಶ್ಯಕ. ಒಂದು ಕ್ಯಾಮೆರಾ, ಹತ್ತಿರದ ನೋಟಕ್ಕೊಂದು ಮತ್ತು ದೂರದ ನೋಟಕ್ಕೊಂದು ಲೆನ್ಸು, ಹೆಚ್ಚಿಗೆ ಒಂದು ಬ್ಯಾಟರಿ, ಎರಡು ಮೆಮೊರಿ ಕಾರ್ಡು, ಮಳೆಗೆ ಒಂದು ಪ್ಲಾಸ್ಟಿಕ್ ಚೀಲ, ಇಷ್ಟು ಸಾಕು. ಸಾಮಗ್ರಿಗಿಂತ ಪರಿಚಯವೇ ಮೇಲು. ಅಗ್ನಿಶಾಮಕ ಠಾಣೆ, ಸರಕಾರಿ ಆಸ್ಪತ್ರೆಯ ಬಾಗಿಲು, ಬಸ್ ನಿಲ್ದಾಣದ ಚಹದಂಗಡಿ, ಇಲ್ಲೆಲ್ಲ ನಮ್ಮ ಮುಖ ಗುರುತಿರಬೇಕು. ಸ್ಥಳಕ್ಕೆ ಹೋದೊಡನೆ ಮೊದಲು ದೂರದಿಂದ ಇಡೀ ನೋಟವನ್ನು ತೆಗೆಯಬೇಕು. ಆಮೇಲೆ ಹತ್ತಿರ ಸರಿಯಬೇಕು. ಓಡುವ ಜನವಿದ್ದರೆ ಸೆಕೆಂಡಿನ ಐನೂರನೆಯ ಒಂದು ಭಾಗಕ್ಕಿಂತ ಷಟರನ್ನು ನಿಧಾನ ಮಾಡಬಾರದು. ಆಂಬುಲೆನ್ಸಿನ ದಾರಿಗೆ ಎಂದಿಗೂ ಅಡ್ಡ ನಿಲ್ಲಬಾರದು.

ಈಗ ಗುಂಪಿನಲ್ಲಿರುವ ಬಹುಮಂದಿಯ ಕೈಯಲ್ಲಿ ಚಿತ್ರ ತೆಗೆಯುವ ಫೋನಿದೆ. ಹಾಗಾದರೆ ನಮ್ಮ ಚಿತ್ರಕ್ಕೆ ಬೆಲೆ ಏಕೆ? ಅದರ ಕೆಳಗೆ ಬರೆಯುವ ನಾಲ್ಕು ಸಾಲುಗಳಿಂದ. ಯಾರು, ಏನು, ಎಲ್ಲಿ, ಯಾವಾಗ ಎಂಬುದನ್ನು ವಿಚಾರಿಸಿ, ಹೆಸರುಗಳನ್ನು ಎರಡು ಬಾರಿ ಕೇಳಿ, ಸುಳ್ಳಿಲ್ಲದೆ ಬರೆದರೆ ಸಂಪಾದಕರು ಮತ್ತೊಮ್ಮೆ ನಮ್ಮನ್ನು ನಂಬುವರು. ಚಿತ್ರದಲ್ಲಿದ್ದುದನ್ನು ಅಳಿಸುವುದಾಗಲಿ ಇಲ್ಲದುದನ್ನು ಸೇರಿಸುವುದಾಗಲಿ ಈ ಕಸುಬಿನಲ್ಲಿ ಮಹಾಪಾತಕ.

ತಾಯಿಯವರ ಪ್ರಶ್ನೆಗೆ ಉತ್ತರ ದೊರೆತುದು 2019ರ ಆಗಸ್ಟಿನಲ್ಲಿ. ಆಗ ಮಲಪ್ರಭೆ ಉಕ್ಕಿ, ಬಾದಾಮಿ ಸೀಮೆಯ ಹಳ್ಳಿಗಳು ಜಲಾವೃತವಾಗಿದ್ದುವು. ಪಟ್ಟದಕಲ್ಲಿನ ದೇವಾಲಯಗಳಿಗೂ ನೀರು ನುಗ್ಗಿತ್ತು. ನೀರಿಳಿಯುತ್ತಿದ್ದ ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬಳು ಬಿದ್ದ ಗೋಡೆಯ ಮುಂದೆ ಕುಳಿತು, ನೆನೆದ ಜೋಳವನ್ನು ಕೈಯಿಂದ ಬಾಚಿ ಬಾಚಿ ನೋಡುತ್ತಿದ್ದಳು. ಮೊದಲು ಹತ್ತಿರ ಹೋಗಿ ಮಾತನಾಡಿಸಿದೆವು. ಚಿತ್ರ ತೆಗೆಯಬಹುದೆ ಎಂದು ಕೇಳಿದೆವು. ಆಕೆ, “ಮನಿ ಹೋದದ್ದು ಎಲ್ಲಾರೂ ನೋಡಲಿ ಯಪ್ಪಾ, ನನ್ನ ಮಾರಿ ಮಾತ್ರ ಬ್ಯಾಡ” ಎಂದಳು.

ಆ ಮುಖದಲ್ಲಿ ಅಂದು ಕಂಡ ದುಃಖವು ಯಾವ ಪತ್ರಿಕೆಯ ಮೊದಲನೆಯ ಪುಟಕ್ಕೂ ಸಲ್ಲುವಂಥದಾಗಿತ್ತು. ಮನೆಯಲ್ಲಿ ಆ ತಿಂಗಳ ಬಾಡಿಗೆ ಬಾಕಿಯಿತ್ತು. ದೂರದ ಲೆನ್ಸು ಚೀಲದಲ್ಲಿಯೇ ಇತ್ತು; ಆಕೆಗೆ ತಿಳಿಯುವಂತೆಯೂ ಇರಲಿಲ್ಲ. ನಾವು ಅದನ್ನು ಹೊರತೆಗೆಯಲಿಲ್ಲ. ಗೋಡೆಯ ಮೇಲೆ ನೀರು ನಿಂತಿದ್ದ ಗೆರೆಯನ್ನೂ, ಮೊಳಕೆಯೊಡೆದ ಜೋಳದ ಮೇಲಿದ್ದ ಆಕೆಯ ಎರಡು ಕೈಗಳನ್ನೂ ಮಾತ್ರ ತೆಗೆದು, ಹಳ್ಳಿಯ ಹೆಸರನ್ನು ಸ್ಪಷ್ಟವಾಗಿ ಬರೆದು ಕಳುಹಿಸಿದೆವು. ಚಿತ್ರವು ಒಳಪುಟದಲ್ಲಿ ಬಂದಿತು. ಹಣವೂ ಒಳಪುಟಕ್ಕೆ ತಕ್ಕಷ್ಟೇ. ಮೂರನೆಯ ದಿನ ಅಲ್ಲಿಗೆ ಮತ್ತೆ ಹೋದಾಗ ಕಂಬಳಿ, ಹಿಟ್ಟು ತುಂಬಿದ ಗಾಡಿಯೊಂದು ನಿಂತಿತ್ತು. ತಂದವರ ಕೈಯಲ್ಲಿ ಆ ಪತ್ರಿಕೆಯ ತುಣುಕಿತ್ತು. ಅದೆಲ್ಲ ನಮ್ಮ ಚಿತ್ರದಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಆದರೆ ಗಳ ಹಿರಿಯುವವನಿಗೂ, ಮನೆ ಉರಿಯುತ್ತಿದೆಯೆಂದು ಕೂಗಿ ಹೇಳುವವನಿಗೂ ಇರುವ ಅಂತರವು ಆ ದಿನ ನಮಗೆ ತಿಳಿಯಿತು.

ಕೆಲವು ಸಂಗತಿಗಳಲ್ಲಿ ಕಾನೂನೇ ಗೆರೆ ಎಳೆದಿದೆ. ಅಪರಾಧಕ್ಕೆ ತುತ್ತಾದ ಮಗುವಿನ ಗುರುತನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯಿದೆ ನಿಷೇಧಿಸುತ್ತದೆ. ಉಳಿದೆಡೆಗಳಲ್ಲಿ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಗನಾಗಲಿ ಮಗಳಾಗಲಿ ಈ ದಾರಿ ಬೇಕೆಂದರೆ ಒಮ್ಮೆಗೇ ಬೇಡವೆನ್ನಬೇಡಿ. ಒಂದು ವರ್ಷದ ಅವಧಿ ಕೊಡಿ. ಆರು ತಿಂಗಳ ಖರ್ಚಿನಷ್ಟು ಹಣ ಕೂಡಿಡುವವರೆಗೆ ಇರುವ ಕೆಲಸವನ್ನು ಬಿಡಬಾರದೆಂದು ಹೇಳಿ. ಸಂಜೆ ಅವರು ಮನೆಗೆ ಬಂದಾಗ, ಎಷ್ಟು ಚಿತ್ರ ಮಾರಿದೆ ಎಂದು ಕೇಳುವುದರ ಜೊತೆಗೆ, ಇಂದು ಯಾವುದನ್ನು ತೆಗೆಯದೆ ಬಿಟ್ಟೆ ಎಂದೂ ಕೇಳಿ.