ಇಬ್ಬರು ಯಯಾತಿಯರು

ಗ್ರಂಥಭಂಡಾರದಲ್ಲಿ ‘ಯಯಾತಿ’ ಎಂಬ ಹೆಸರಿನ ಪುಸ್ತಕವನ್ನು ಕೇಳಿದ ವಾಚಕನಿಗೆ, ಯಾರ ಯಯಾತಿ ಎಂಬ ಮರುಪ್ರಶ್ನೆ ಎದುರಾಗುವುದು ಸಹಜವೇ ಆಗಿದೆ, ಏಕೆಂದರೆ ವಿ. ಸ. ಖಾಂಡೇಕರರು 1959ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ, ಅನಂತರ ಕನ್ನಡಕ್ಕೂ ಬಂದ ಕಾದಂಬರಿಗೆ ಆ ಹೆಸರಿದೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದ ಗಿರೀಶ ಕಾರ್ನಾಡರ ನಾಟಕಕ್ಕೂ ಅದೇ ಹೆಸರಿದೆ. ಎರಡೇ ವರ್ಷಗಳ ಅಂತರದಲ್ಲಿ, ನೆರೆಯ ಎರಡು ಭಾಷೆಗಳಲ್ಲಿ, ಅರುವತ್ತು ದಾಟಿದ ಒಬ್ಬ ಹಿರಿಯರೂ ಇಪ್ಪತ್ತರ ಹರೆಯದ ಒಬ್ಬ ತರುಣರೂ ಒಬ್ಬನೇ ದೊರೆಯ ಹೆಸರನ್ನು ತಮ್ಮ ಕೃತಿಯ ಮುಖಪುಟದ ಮೇಲೆ ನಿಲ್ಲಿಸಿದರು.

ಹೆಸರಿನ ಈ ಸಾಮ್ಯವನ್ನು ನಮ್ಮ ಪರಂಪರೆ ಎಂದೂ ಚೌರ್ಯವೆಂದು ಬಗೆದದ್ದಿಲ್ಲ. ಜಿನಸೇನರ ಸಂಸ್ಕೃತ ‘ಆದಿಪುರಾಣ’ವಿದ್ದೂ ಪಂಪ 941ರಲ್ಲಿ ಕನ್ನಡದ ‘ಆದಿಪುರಾಣ’ವನ್ನು ರಚಿಸಿದನು, ವಾದಿರಾಜನ ‘ಯಶೋಧರಚರಿತ’ದ ತರುವಾಯ ಜನ್ನನ ‘ಯಶೋಧರಚರಿತೆ’ ಬಂದಿತು, ರವೀಂದ್ರರ ‘ಚಿತ್ರಾಂಗದಾ’ ನಾಟಕವಾದರೆ ಕುವೆಂಪು ಅವರ ‘ಚಿತ್ರಾಂಗದಾ’ ಖಂಡಕಾವ್ಯವಾಯಿತು.

ಯಯಾತಿಯ ಮೂಲವಾದರೋ ಮಹಾಭಾರತದ ಆದಿಪರ್ವದಲ್ಲಿದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲವಾರ್ಧಕ್ಯಕ್ಕೆ ಗುರಿಯಾದ ದೊರೆ ತನ್ನ ಮುಪ್ಪನ್ನು ವಹಿಸಿಕೊಳ್ಳುವಂತೆ ಐವರು ಮಕ್ಕಳನ್ನೂ ಬೇಡುತ್ತಾನೆ. ನಾಲ್ವರು ಒಲ್ಲೆವೆನ್ನಲು, ಶರ್ಮಿಷ್ಠೆಯ ಕಿರಿಯ ಮಗ ಪುರು ಒಪ್ಪುತ್ತಾನೆ. ಸಾವಿರ ವರ್ಷ ಭೋಗಿಸಿಯೂ ತೃಪ್ತಿಗಾಣದ ತಂದೆ ಕಡೆಗೆ ಯೌವನವನ್ನು ಹಿಂದಿರುಗಿಸಿ, ಮಗನಿಗೆ ಪಟ್ಟಗಟ್ಟಿ ವನಕ್ಕೆ ತೆರಳುತ್ತಾನೆ.

ಖಾಂಡೇಕರರು ಈ ಕಥೆಯನ್ನು ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರ ಬಾಯಿಂದಲೂ ಸರದಿಯಂತೆ ಹೇಳಿಸಿ, ವಿರಕ್ತಿಯ ಹಟ ಹಿಡಿದ ಅಣ್ಣ ಯತಿಯನ್ನೂ ಸಂಯಮಿಯಾದ ಕಚನನ್ನೂ ದೊರೆಯ ಇಕ್ಕೆಲಗಳಲ್ಲಿ ನಿಲ್ಲಿಸಿ, ಕಾಮಕ್ಕೆ ಎಲ್ಲಿ ಎಲ್ಲೆ ಎಂಬ ಪ್ರಶ್ನೆಯನ್ನು ಪ್ರೌಢವಾಗಿ ವಿಸ್ತರಿಸಿದ್ದಾರೆ. ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಮಗ ದೂರವಾಗುವನೆಂಬ ಮನೆಯವರ ಕಳವಳದ ನಡುವೆ ಬರೆದರು. ಅವರಿಗೆ ಕಂಡದ್ದು ಕೊಳ್ಳುವ ತಂದೆಗಿಂತ ಹೆಚ್ಚಾಗಿ ಕೊಡುವ ಮಗ. ಅವನಿಗಿಂತಲೂ ಹೆಚ್ಚಾಗಿ, ಆ ದಾನದ ಫಲವನ್ನು ಉಣ್ಣಬೇಕಾದ ಸೊಸೆ.

ಆಕೆ ಚಿತ್ರಲೇಖೆ. ಆದಿಪರ್ವದ ಈ ಪ್ರಸಂಗದಲ್ಲಿ ಆಕೆಗೆ ಎಡೆಯೇ ಇಲ್ಲ. ನಾಟಕದಲ್ಲಿ ಆಕೆ ನವವಧು. ಅರಮನೆಯನ್ನು ಸೇರಿದ ಇರುಳಿನಲ್ಲೇ ಪತಿ ಹಣ್ಣುಹಣ್ಣು ಮುದುಕನಾಗಿ ಎದುರು ನಿಲ್ಲುತ್ತಾನೆ. ಪತಿವ್ರತಾಧರ್ಮವನ್ನು ಬೋಧಿಸಲು ಬಂದ ಮಾವನಿಗೆ ಆಕೆ ಕೊಡುವ ಉತ್ತರ ನಮ್ಮ ರಂಗಭೂಮಿಯ ಅತ್ಯಂತ ದಾರುಣವಾದ ತರ್ಕಗಳಲ್ಲೊಂದೆಂದು ನನ್ನ ಭಾವನೆ: ತಾನು ವರಿಸಿದ್ದು ಪುರುವಿನ ಯೌವನವನ್ನು; ಆ ಯೌವನ ಈಗ ಇರುವುದು ಯಯಾತಿಯ ದೇಹದಲ್ಲಿ; ಆದುದರಿಂದ ಆತನೇ ತನ್ನನ್ನು ಸ್ವೀಕರಿಸಲಿ. ಮಗನ ತಾರುಣ್ಯವನ್ನು ಅಳುಕಿಲ್ಲದೆ ಕೊಂಡವನು ಈ ಮಾತಿಗೆ ಹೇಸಿ ಹಿಂದೆಗೆಯುತ್ತಾನೆ. ಆಕೆ ವಿಷ ಕುಡಿಯುತ್ತಾಳೆ. ದೊರೆಯ ಕಣ್ಣು ತೆರೆಯಲು ಇಲ್ಲಿ ಸಾವಿರ ವರ್ಷಗಳು ಬೇಕಾಗಲಿಲ್ಲ. ಒಂದು ಹೆಣ್ಣಿನ ಸಾವು ಸಾಕಾಯಿತು.

ಕಾರ್ನಾಡರು ತಮ್ಮ ನಾಟಕಕ್ಕೆ ಬೇರೆ ಹೆಸರನ್ನಿಟ್ಟಿದ್ದರೆ ಚಿತ್ರಲೇಖೆಯ ಪ್ರವೇಶ ಇಷ್ಟು ತೀವ್ರವಾಗಿ ನಾಟುತ್ತಿತ್ತೇ ಎಂಬುದು ಸಂದೇಹ. ಹಳೆಯ ಹೆಸರು ಹಳೆಯ ಕಥೆಯನ್ನು ನಮ್ಮ ಮನಸ್ಸಿನಲ್ಲಿ ಎಬ್ಬಿಸಿ ನಿಲ್ಲಿಸಿರುವುದರಿಂದಲೇ ಕವಿ ಎಲ್ಲಿ ಹಾದಿ ಬಿಟ್ಟನೆಂಬುದು ಒಡನೆಯೇ ಗೋಚರಿಸುತ್ತದೆ. ಖಾಂಡೇಕರರ ಕಾದಂಬರಿಗೆ 1974ರ ಜ್ಞಾನಪೀಠ ಪ್ರಶಸ್ತಿ ಸಂದಿತು; ಅದರ ಗಾಂಭೀರ್ಯವನ್ನು ನಾನು ಗೌರವಿಸುತ್ತೇನೆ; ಆದರೂ ಹೆಸರಿನ ಋಣವನ್ನು ಹೆಚ್ಚು ಧೈರ್ಯದಿಂದ ತೀರಿಸಿದ್ದು ನಾಟಕವೇ. ವಾಚಕರು ಮೊದಲು ಆದಿಪರ್ವವನ್ನು, ಅನಂತರ ಕಾದಂಬರಿಯನ್ನು, ಕಡೆಯಲ್ಲಿ ನಾಟಕವನ್ನು, ಈ ಕ್ರಮದಲ್ಲಿಯೇ ಓದಬೇಕೆಂದು ನನ್ನ ವಿನಂತಿ.