ಗೇನ್ ತಿರುಗಿಸುವ ಮುನ್ನ ಒಂದು ಮೀಟರ್

ಹಿಂದೂಪುರದಿಂದ ಮಡಕಶಿರ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ನಡುವೆ ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತೇವೆ. ನಮ್ಮ ಮನೆಯ ಮಾತೂ ಹಾಗೆಯೇ, ಅಂಗಡಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ. ಕಾರಿನಲ್ಲಿ ಘಂಟಸಾಲ ಮುಗಿದರೆ ಪಿ.ಬಿ. ಶ್ರೀನಿವಾಸ್ ಶುರು. ಆ ಬಯಲು ದಾರಿಯಲ್ಲಿ ಹಾಡಿಲ್ಲದೆ ಹೋಗುವುದು ನನ್ನ ಕೈಲಾಗದು. ಆ ದನಿಗಳು ಹಾಡಿದ ಹಾಗೇ ಕೇಳಬೇಕು ಎಂಬುದು ನನ್ನ ಹಟ.

ಕಲ್ಯಾಣದುರ್ಗದ ನನ್ನ ಭಾವಮೈದ ಹೋದ ಬೇಸಿಗೆಯಲ್ಲಿ ಹಳೇ ಕಾರಿಗೆ ಹೊಸ ಆಂಪ್, ಡಿಕ್ಕಿಗೊಂದು ಸಬ್‌ವೂಫರ್ ಹಾಕಿಸಿದ. ಕೂರಿಸಿದ ಹುಡುಗ ಗೇನ್ ಸ್ಕ್ರೂ ಪೂರ್ತಿ ಬಲಕ್ಕೆ ತಿರುಗಿಸಿ, "ಈಗ ಕೇಳಿ ಸಾರ್ ಸೌಂಡು" ಅಂದನಂತೆ. ಸೌಂಡೇನೋ ಬಂತು. ಆದರೆ ಪಿ.ಬಿ. ಶ್ರೀನಿವಾಸರ ಮೆದು ದನಿ ಒಡೆದು ಕರಕರ ಅನ್ನುತ್ತಿತ್ತು. ಸ್ವಲ್ಪ ದಿನಕ್ಕೇ ಡಿಕ್ಕಿಯಿಂದ ಸುಟ್ಟ ವಾಸನೆ.

ಗೇನ್ ಇರುವುದು ಸದ್ದು ಹೆಚ್ಚಿಸಲಿಕ್ಕಲ್ಲ. ಸ್ಟೀರಿಯೋ ಕಳಿಸುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸಲಿಕ್ಕೆ. ಅಗತ್ಯಕ್ಕಿಂತ ಏರಿಸಿದರೆ ಆಂಪ್ ತನ್ನ ಮಿತಿ ಮುಟ್ಟಿ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ಆಮೇಲೆ ಸ್ಪೀಕರಿನ ಕಾಯಿಲ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಹೇಳಲು ಒಂದು ಮಲ್ಟಿಮೀಟರ್ ಸಾಕು. ಆಂಪಿನ ಆರ್‌ಎಂಎಸ್ ವ್ಯಾಟನ್ನು ಸ್ಪೀಕರಿನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಭಾವಮೈದನದು 250 ವ್ಯಾಟ್, 4 ಓಮ್. ಗುಣಿಸಿದರೆ 1000, ಮೂಲ 31.6. ಅಂದರೆ ಮೀಟರ್ 31.6 ವೋಲ್ಟ್ ತೋರಿಸಿದಲ್ಲಿ ನಿಲ್ಲಿಸಬೇಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ 'ಮ್ಯಾಕ್ಸ್' ವ್ಯಾಟನ್ನು ನಂಬಿದರೆ ಲೆಕ್ಕವೆಲ್ಲ ಕೆಡುತ್ತದೆ.

ಸ್ಪೀಕರ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಆಫ್ ಮಾಡಿ, ಈಕ್ವಲೈಜರ್ ಸೊನ್ನೆಗೆ ತಂದು, ಗೇನ್ ಪೂರ್ತಿ ಇಳಿಸಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗಿಟ್ಟು 50 ಹರ್ಟ್ಸ್ ಟೋನ್ ಹಾಕಿದೆವು. ಮೀಟರ್ ಎಸಿ ವೋಲ್ಟಿನಲ್ಲಿ, ಅದರ ಕಡ್ಡಿಗಳು ಆಂಪಿನ ಸ್ಪೀಕರ್ ತುದಿಗಳಲ್ಲಿ. ಸಣ್ಣ ಸ್ಕ್ರೂಡ್ರೈವರಿನಿಂದ ಗೇನನ್ನು ಕೂದಲೆಳೆಯಷ್ಟು ಏರಿಸುತ್ತಾ ಹೋದರೆ 12, 19, 27... 31ರ ಹತ್ತಿರ ಬಂದಾಗ ಸ್ಕ್ರೂ ಇನ್ನೂ ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ. ಭಾವಮೈದ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಯಾವ ಮೀಟರ್ ಕೊಳ್ಳಲಿ ಎಂದು ಆಮೇಲೆ ಕೇಳಿದ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 200–300 ರೂಪಾಯಿಗೆ ಸಿಗುವ ಡಿಟಿ-830 ಜಾತಿಯ ಹಳದಿ ಮೀಟರೇ ಈ ಕೆಲಸಕ್ಕೆ ಸಾಕು ಅಂದೆ. ಕಡಿಮೆ ಬೆಲೆಯದ್ದು ಎಂದು ಮೂಗು ಮುರಿಯುವವರಿದ್ದಾರೆ. ಅದರಲ್ಲಿ ಎಸಿಗೆ 200 ಮತ್ತು 750 ಎರಡೇ ರೇಂಜ್, ನಿಜ. 200ರಲ್ಲಿ ಅಳೆದರೆ ಒಂದೂವರೆ ವೋಲ್ಟ್ ಆಚೀಚೆ ಆದೀತು. 31ರಲ್ಲಿ ಅಷ್ಟು ಹೆಚ್ಚುಕಮ್ಮಿ ಅರ್ಧ ಡೆಸಿಬೆಲ್ಲೂ ಅಲ್ಲ, ಕಿವಿಗೆ ಗೊತ್ತೇ ಆಗದು. ಸಾವಿರಾರು ರೂಪಾಯಿ ಕೊಟ್ಟು ಟ್ರೂ ಆರ್‌ಎಂಎಸ್ ತರಬೇಕಿಲ್ಲ, ಶುದ್ಧ ಸೈನ್ ಅಲೆಗೆ ಸಾಧಾರಣ ಮೀಟರೂ ಸರಿಯಾದ ಅಂಕಿಯನ್ನೇ ಕೊಡುತ್ತದೆ. ನೆನಪಿಡಬೇಕಾದ್ದು ಇಷ್ಟು: ಇದರ ಎಸಿ ಅಳತೆಗೆ 40ರಿಂದ 400 ಹರ್ಟ್ಸ್‌ವರೆಗೆ ಮಾತ್ರ ಭರವಸೆ. ಬಾಗಿಲಿನ ಸ್ಪೀಕರುಗಳಿಗೆ ಎಲ್ಲರೂ ಹೇಳುವ 1000 ಹರ್ಟ್ಸ್ ಬಿಟ್ಟು, ಕ್ರಾಸ್‌ಓವರ್ ತೆಗೆದು 200 ಹರ್ಟ್ಸ್ ಹಾಕಿ.

ಅಂಗಡಿಯಲ್ಲೇ ಒಂದು ಸಂಗತಿ ನೋಡಿಕೊಳ್ಳಿ. ಮೀಟರನ್ನು ಎಸಿ 200ಕ್ಕಿಟ್ಟು 9 ವೋಲ್ಟಿನ ಬ್ಯಾಟರಿಗೆ ಮುಟ್ಟಿಸಿ. ಒಂದು ಕಡೆಯಿಂದ ಇಪ್ಪತ್ತರ ಆಸುಪಾಸು, ತಂತಿ ಅದಲುಬದಲು ಮಾಡಿದರೆ ಸೊನ್ನೆ ತೋರಿಸಿದರೆ ಒಳಗಿರುವುದು ಒಂದೇ ಡಯೋಡು, ಅರ್ಧ ಅಲೆಯನ್ನಷ್ಟೇ ಅಳೆಯುತ್ತದೆ. ಅದು ಕೆಟ್ಟದ್ದೆಂದಲ್ಲ. ಡಿಸಿ ಬೆರೆತ ಕಡೆ ಎಸಿ ಅಂಕಿಯನ್ನು ನಂಬಬಾರದೆಂದು ತಿಳಿದಿದ್ದರೆ ಆಯಿತು. ಉಳಿದ ದುಡ್ಡಿಗೆ ಒಳ್ಳೆಯ ಲೀಡ್ ಕೊಳ್ಳಿ. ಜೊತೆಗೆ ಬರುವ ಲೀಡುಗಳು ಕಡ್ಡಿಯ ಬುಡದಲ್ಲೇ ಬೇಗ ತುಂಡಾಗುತ್ತವೆ.

ಮೀಟರ್ ಎಲ್ಲವನ್ನೂ ಕಾಣದು. ಅಲೆಯ ಆಕಾರ ನೋಡಲು ಆಸಿಲೊಸ್ಕೋಪೇ ಬೇಕು. ಸ್ಟೀರಿಯೋ ತಾನೇ ಒಡೆದ ಸಿಗ್ನಲ್ ಕಳಿಸುತ್ತಿದ್ದರೂ ಮೀಟರ್ ಸುಮ್ಮನೆ 31.6 ತೋರಿಸುತ್ತದೆ. ವಾಲ್ಯೂಮನ್ನು ಮುಕ್ಕಾಲು ದಾಟಿಸಬಾರದು ಅನ್ನುವುದು ಅದಕ್ಕೇ. ಕೊನೆಗೆ ತಿಳಿದ ಹಾಡೊಂದನ್ನು ಹಾಕಿ ಕಿವಿಯಿಂದಲೂ ಒಪ್ಪಿಸಿಕೊಳ್ಳಬೇಕು. ಕೇವಲ ಕಿವಿಯ ಮೇಲೆ ಸೆಟ್ ಮಾಡುತ್ತೇವೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗದ್ದಲದ ಶೆಡ್ಡಿನಲ್ಲಿ ಕಿವಿಗೆ ಜೋರೆಲ್ಲ ಚೆಂದವಾಗಿಯೇ ಕೇಳುತ್ತದೆ.

ಮೀಟರ್ ಕೊಂಡವರಿಗೆ ಇನ್ನೊಂದೇ ಮಾತು. ಈ ಅಗ್ಗದ ಮೀಟರಿನ 10ಎ ತೂತಿನ ಪಕ್ಕ 'ಅನ್‌ಫ್ಯೂಸ್ಡ್' ಎಂದು ಬರೆದಿರುತ್ತದೆ, ಅಲ್ಲಿ ಫ್ಯೂಸ್ ಇಲ್ಲ. ಕೆಂಪು ತಂತಿ ಆ ತೂತಿನಲ್ಲಿದ್ದಾಗ ಕಾರಿನ ಬ್ಯಾಟರಿ ಮುಟ್ಟಿದರೆ ನೂರಾರು ಆಂಪಿಯರ್ ನೇರ ಹರಿದು ಕೈಯಲ್ಲೇ ತಂತಿ ಕರಗುತ್ತದೆ. ಪ್ರತಿ ಸಲವೂ ಮೊದಲು ತಂತಿ ಯಾವ ತೂತಿನಲ್ಲಿದೆ ಎಂದು ನೋಡಿ, ಆಮೇಲೆ ಬ್ಯಾಟರಿಗೆ ಕೈ ಹಾಕಿ.