ಒಗ್ಗರಣೆ ಗೋಡೆ

ಒಗ್ಗರಣೆ ಸಿಡಿದೂ ಸಿಡಿದೂ ನಮ್ಮ ಬಾಡಿಗೆ ಮನೆಯ ಸ್ಟವ್ ಹಿಂದಿನ ಗೋಡೆ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಓನರ್ ಆಂಟಿ ನೋಡಿ, "ಅಡ್ವಾನ್ಸ್‌ನಲ್ಲಿ ಹಿಡ್ಕೋತೀನಿ ಕಣ್ರೋ" ಅಂದ್ರು. ಬೇಡ ಆಂಟಿ, ನಾವೇ ಟೈಲ್ಸ್ ಹಾಕ್ತೀವಿ ಅಂತ ಒಪ್ಪಿಸಿದೆವು.

ಅಂಗಡಿಯಲ್ಲಿ ಗಾಜಿನ ಮೊಸಾಯಿಕ್ ಕಂಡು ನಾಲ್ವರೂ ಮರುಳಾದೆವು. ಒಂದಡಿ ಚೌಕದ ಜಾಲರಿಗೆ ಪುಟ್ಟ ಪುಟ್ಟ ಬಿಲ್ಲೆ ಅಂಟಿಸಿರ್ತಾರೆ. 6 ಅಡಿ ಉದ್ದ, 2 ಅಡಿ ಎತ್ತರಕ್ಕೆ 12 ಹಾಳೆ, ಒಡೆದರೆ ಇರಲಿ ಅಂತ ಇನ್ನೊಂದು. ಲೆಕ್ಕ ಪಕ್ಕಾ. ಆದರೆ ಜಿಡ್ಡಿನ ಮೇಲೆ ಅಂಟು ಹಿಡಿಯಲ್ಲ ಅನ್ನೋದು ನಮ್ಮ ಸಿವಿಲ್‌ನವನಿಗೂ ಹೊಳೀಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಐದು ಹಾಳೆ ಕಟ್ಟೆ ಮೇಲೆ ಮಲಗಿದ್ವು.

ಮಿಕ್ಕಿದ್ದನ್ನೂ ಕಿತ್ತೆವು. ಗೋಡೆಯನ್ನ ಸೋಪು ನೀರಲ್ಲಿ ತಿಕ್ಕಿ, ಪೇಂಟ್ ಕೆರೆದು, ಕಚ್ಚು ಹೊಡೆದು ಮತ್ತೆ ಅಂಟಿಸಿದೆವು. ಈ ಸಲ ಬಿಳಿ ಅಂಟು. ಬೂದು ಬಣ್ಣದ್ದು ಗಾಜಿನೊಳಗಿಂದ ಕಾಣ್ತಿತ್ತು. ಒಂದು ದಿನ ಒಣಗಲು ಬಿಟ್ಟು ಸಂದು ತುಂಬಿದೆವು. ಎಪಾಕ್ಸಿ ಗ್ರೌಟ್ ದುಬಾರಿ ಅಂತ ಸಿಮೆಂಟಿನದ್ದೇ ತಂದಿದ್ವಿ. ದೊಡ್ಡ ಟೈಲ್‌ಗಿಂತ ಮೊಸಾಯಿಕ್‌ನಲ್ಲಿ ಸಂದು ಎಷ್ಟೋ ಜಾಸ್ತಿ. ಮೊದಲ ವಾರವೇ ಅರಿಶಿನ ಅಲ್ಲಿ ಹೋಗಿ ಕೂತಿತು.

ಆಂಟಿ ಬಂದು ಬೆರಳಲ್ಲಿ ತಟ್ಟಿ ನೋಡಿದ್ರು. "ಗಟ್ಟಿಯಾಗಿದೆ. ಈ ಹಳದಿ ಗೆರೆ ಏನು?"

"ಡಿಸೈನ್, ಆಂಟಿ."

ಅಡ್ವಾನ್ಸ್ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.